ಶಾಲಾ ಸಂಶೋಧನೆಯಲ್ಲಿ ಟಿಪ್ಪಣಿಸಹಿತ ಗ್ರಂಥಸೂಚಿ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯ ಆಕರಗಳು

ಟಿಪ್ಪಣಿಸಹಿತ ಗ್ರಂಥಸೂಚಿ: ಒಂದು ವಿಷಯದ ಅಭ್ಯಾಸಕ್ಕಾಗಿ ನೋಡಿದ ಪುಸ್ತಕ, ಲೇಖನ, ಶಾಸನ, ವರದಿ, ನಕ್ಷೆ, ಸಂದರ್ಶನಗಳನ್ನು ಕ್ರಮವಾಗಿ ನಮೂದಿಸಿ, ಪ್ರತಿಯೊಂದರ ಕೆಳಗೂ ಆ ಆಕರ ಯಾರದು, ಅದರಲ್ಲಿ ಏನಿದೆ, ಎಷ್ಟರಮಟ್ಟಿಗೆ ನಂಬಬಹುದು, ಕೈಗೊಂಡ ಅಭ್ಯಾಸದಲ್ಲಿ ಯಾವುದಕ್ಕೆ ಒದಗಿತು ಎಂಬುದನ್ನು ನಾಲ್ಕಾರು ವಾಕ್ಯಗಳಲ್ಲಿ ಬರೆದ ಪಟ್ಟಿ. ಪ್ರಬಂಧಗಳ ಕೊನೆಗೆ ಬರುವ ಸಾಮಾನ್ಯ ಪರಾಮರ್ಶನ ಪಟ್ಟಿ ಲೇಖಕರ ಹೆಸರು, ಪ್ರಕಾಶಕರು, ವರ್ಷ ಇಷ್ಟನ್ನು ಹೇಳಿ ನಿಲ್ಲುತ್ತದೆ. ಟಿಪ್ಪಣಿಯಿರುವ ಪಟ್ಟಿಯಲ್ಲಿ ಓದಿದವರ ವಿವೇಚನೆಯೂ ದಾಖಲಾಗುತ್ತದೆ. ಶಾಲೆಗಳಲ್ಲಿ ಇದನ್ನು ಪ್ರಾಜೆಕ್ಟು ಮುಗಿದ ಮೇಲೆ ತರಾತುರಿಯಲ್ಲಿ ಜೋಡಿಸುವ ರೂಢಿಯಿದೆ. ಪ್ರಶ್ನೆ ಗೊತ್ತಾದ ದಿನವೇ ಶುರುಮಾಡಿ, ಓದಿದಂತೆಲ್ಲ ಬೆಳೆಸುತ್ತ ಹೋದರೆ ಮಾತ್ರ ಇದರಿಂದ ಪ್ರಯೋಜನ.

ವಿಜಯನಗರ ಜಿಲ್ಲೆಯ ಹೊಸಪೇಟೆ ಮತ್ತು ಹಂಪಿ, ಬಳ್ಳಾರಿ ಜಿಲ್ಲೆಯ ಸಂಡೂರು ಮತ್ತು ಕಂಪ್ಲಿ, ಈ ನಾಲ್ಕು ಊರುಗಳ ಸುತ್ತ ಇಂಥ ಬರಹವನ್ನು ಕಲಿಯುವ ಮಕ್ಕಳಿಗೆ ಸಿಗುವಷ್ಟು ಸಾಮಗ್ರಿ ಕರ್ನಾಟಕದ ಬೇರೆ ಕಡೆ ಸಿಗುವುದು ಕಷ್ಟ. ಪಾರಸಿ, ಲ್ಯಾಟಿನ್, ಪೋರ್ಚುಗೀಸ್, ಸಂಸ್ಕೃತ, ತೆಲುಗು, ತಮಿಳು, ಕನ್ನಡ, ಇಂಗ್ಲಿಷ್ ಭಾಷೆಗಳಲ್ಲಿ ಈ ಸೀಮೆಯ ಬಗ್ಗೆ ಬರೆದಿದ್ದಾರೆ. ಒಬ್ಬರು ಬರೆದದ್ದನ್ನು ಮತ್ತೊಬ್ಬರು ಎತ್ತಿಕೊಂಡಿದ್ದಾರೆ, ಅದನ್ನು ಪ್ರವಾಸಿ ಕೈಪಿಡಿಗಳು ಎತ್ತಿಕೊಂಡಿವೆ, ಕೈಪಿಡಿಗಳಿಂದ ಪಠ್ಯಕ್ಕೂ ಅಂತರ್ಜಾಲಕ್ಕೂ ಹರಿದಿದೆ. ಹತ್ತು ಪುಸ್ತಕಗಳಲ್ಲಿ ಕಂಡ ಮಾತು ಹತ್ತು ಸಾಕ್ಷಿಗಳ ಮಾತೆಂದು ಮಗು ನಂಬುತ್ತದೆ. ನಿಜದಲ್ಲಿ ಸಾಕ್ಷಿ ಒಬ್ಬನೇ ಇರಬಹುದು. ಇದನ್ನು ಪತ್ತೆಹಚ್ಚುವುದೇ ಟಿಪ್ಪಣಿಯ ದೊಡ್ಡ ಕೆಲಸ.

ಹಿನ್ನೆಲೆ

ಪುಸ್ತಕಗಳ ಪಟ್ಟಿಗೆ ವಿವರಣೆ ಸೇರಿಸುವ ಪದ್ಧತಿ ಹಳೆಯದು. ಸ್ವಿಟ್ಜರ್ಲೆಂಡಿನ ಕೊನ್ರಾಡ್ ಗೆಸ್ನರ್ 1545ರಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಗ್ರಂಥಗಳ ಇಂಥದೊಂದು ಮಹಾಸೂಚಿಯನ್ನು ಅಚ್ಚುಮಾಡಿಸಿದ. ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾದರಿ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’. 1907ರಿಂದ 1929ರವರೆಗೆ ಮೂರು ಸಂಪುಟಗಳಲ್ಲಿ ಬಂದ ಈ ಗ್ರಂಥದಲ್ಲಿ ಪ್ರತಿ ಕವಿಯ ಕೆಳಗೆ ಅವನ ಕಾಲ, ಕೃತಿ, ಮತ, ಆಶ್ರಯ, ಕಾಲನಿರ್ಣಯಕ್ಕೆ ಇರುವ ಆಧಾರ ಇವೆಲ್ಲ ಚಿಕ್ಕದಾಗಿ ಬರುತ್ತವೆ. ಟಿಪ್ಪಣಿ ಹೇಗಿರಬೇಕೆಂದು ಕೇಳುವ ಹೈಸ್ಕೂಲು ವಿದ್ಯಾರ್ಥಿಗೆ ಇಂಗ್ಲಿಷ್ ಕೈಪಿಡಿಗಿಂತ ಮೊದಲು ಕವಿಚರಿತೆಯ ಒಂದು ಪುಟ ತೋರಿಸುವುದು ಒಳ್ಳೆಯದು. ಹೇಳುವುದನ್ನು ಹೇಳಿ, ಆಧಾರವನ್ನು ಮುಂದಿಟ್ಟು, ಅನುಮಾನವಿದ್ದಲ್ಲಿ ಅನುಮಾನವನ್ನೂ ದಾಖಲಿಸುವ ಶಿಸ್ತು ಅಲ್ಲಿದೆ.

ಶಾಲಾಮಕ್ಕಳಿಂದಲೇ ಇಂಥ ಪಟ್ಟಿಯನ್ನು ಕಡ್ಡಾಯವಾಗಿ ಕೇಳುವ ವ್ಯವಸ್ಥೆಗಳಲ್ಲಿ ಅಮೆರಿಕದ ನ್ಯಾಷನಲ್ ಹಿಸ್ಟರಿ ಡೇ ಸ್ಪರ್ಧೆ ಪ್ರಸಿದ್ಧ. 1974ರಲ್ಲಿ ಕ್ಲೀವ್‌ಲೆಂಡಿನಲ್ಲಿ ಆರಂಭವಾದ ಈ ಸ್ಪರ್ಧೆಯಲ್ಲಿ ಮೂಲ ಆಕರ ಮತ್ತು ಆನುಷಂಗಿಕ ಆಕರಗಳನ್ನು ಬೇರೆಬೇರೆಯಾಗಿ ತೋರಿಸಿ ಟಿಪ್ಪಣಿ ಬರೆಯಬೇಕು. ನಮ್ಮಲ್ಲಿ 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 10ರಿಂದ 17 ವರ್ಷದ ಮಕ್ಕಳನ್ನು ತಮ್ಮ ಊರಿನ ಸಮಸ್ಯೆಯನ್ನೇ ಅಭ್ಯಾಸ ಮಾಡಲು ಹಚ್ಚುತ್ತದೆ. ಕೆರೆಯ ಹೂಳು, ಗಣಿಧೂಳು, ಕಾಲುವೆ ನೀರಿನ ಹಂಚಿಕೆ ಇಂಥ ವಿಷಯ ಎತ್ತಿಕೊಳ್ಳುವ ಹೊಸಪೇಟೆ, ಸಂಡೂರಿನ ಮಕ್ಕಳಿಗೆ ಅಂಕಿಅಂಶ ಸಂಗ್ರಹಿಸುವುದನ್ನು ಹೇಳಿಕೊಡುವಷ್ಟೇ ಶ್ರದ್ಧೆಯಿಂದ ಆಕರ ತೂಗುವುದನ್ನೂ ಹೇಳಿಕೊಡಬೇಕು.

ಕಡತಗಳು ಎಲ್ಲಿವೆ

ಈ ಸೀಮೆಯ ಬಗ್ಗೆ ಹುಡುಕಲು ಹೊರಟವರಿಗೆ ಮೊದಲು ಗೊತ್ತಿರಬೇಕಾದದ್ದು ಆಡಳಿತದ ಚರಿತ್ರೆ. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದ ಬಳ್ಳಾರಿ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಸಂಡೂರು ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿದ್ದು, 1949ರಲ್ಲಿ ಮದ್ರಾಸಿನಲ್ಲಿ ವಿಲೀನವಾಯಿತು. ಹೊಳೆಯಾಚೆಯ ಆನೆಗೊಂದಿ ಹೈದರಾಬಾದ್ ನಿಜಾಮನ ಸೀಮೆ. ಹೀಗಾಗಿ ಒಂದೇ ತುಂಗಭದ್ರೆಯ ಎರಡು ದಡಗಳ ಕಾಗದಪತ್ರ ಎರಡು ಸರ್ಕಾರಗಳ ದಫ್ತರಗಳಲ್ಲಿ ಉಳಿದವು. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ಕೊಟ್ಟ ತುಂಗಭದ್ರಾ ಅಣೆಕಟ್ಟೆಯೂ ಮದ್ರಾಸು ಮತ್ತು ಹೈದರಾಬಾದ್ ಎರಡೂ ಕಡೆಯವರು ಕೂಡಿ ಕಟ್ಟಿದ್ದು.

ಇದರ ಪರಿಣಾಮ ಗ್ರಂಥಸೂಚಿಯ ಮೇಲೆ ನೇರವಾಗಿ ಆಗುತ್ತದೆ. ಶಾಸನ ಎಂದೊಡನೆ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ನೆನಪಾಗುವುದು ಸಹಜ. ಆದರೆ ರೈಸ್ ಸಂಪುಟಗಳು ಮೈಸೂರು ಸಂಸ್ಥಾನಕ್ಕೂ ಕೊಡಗಿಗೂ ಸೀಮಿತ. ಹಂಪಿಯ ಶಾಸನ ಅಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವು ಮದ್ರಾಸಿನ ಕಡೆಯಿಂದ ಬಂದ ‘ಸೌತ್ ಇಂಡಿಯನ್ ಇನ್ಸ್‌ಕ್ರಿಪ್ಷನ್ಸ್’ ಮಾಲೆಯಲ್ಲಿವೆ: 1923ರ ನಾಲ್ಕನೆಯ ಸಂಪುಟದಲ್ಲಿ ಹಂಪಿಯ ಶಾಸನಗಳು, 1939 ಮತ್ತು 1941ರಲ್ಲಿ ಎರಡು ಭಾಗವಾಗಿ ಬಂದ ಒಂಬತ್ತನೆಯ ಸಂಪುಟದಲ್ಲಿ ಮದ್ರಾಸು ಪ್ರಾಂತ್ಯದ ಕನ್ನಡ ಶಾಸನಗಳು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ತನ್ನ ಶಾಸನ ಸಂಪುಟಗಳಲ್ಲಿ ಈ ಭಾಗದ ಶಾಸನಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿರುವುದರಿಂದ ಮಕ್ಕಳು ಅಲ್ಲಿಂದ ಶುರುಮಾಡುವುದೇ ಸುಲಭ. ಜಿಲ್ಲೆಯ ಸಾಮಾನ್ಯ ವಿವರಕ್ಕೆ ಜಾನ್ ಕೆಲ್ಸಾಲನ 1872ರ ಕೈಪಿಡಿ, ಡಬ್ಲ್ಯೂ. ಫ್ರಾನ್ಸಿಸ್‌ನ 1904ರ ಗ್ಯಾಸೆಟಿಯರ್, ಮೈಸೂರು ರಾಜ್ಯ ಸರ್ಕಾರದ 1972ರ ಗ್ಯಾಸೆಟಿಯರ್ ಇವೆ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಒಂದೇ ಕೆರೆಯ ಬಗ್ಗೆಯೋ ಒಂದೇ ಜಾತ್ರೆಯ ಬಗ್ಗೆಯೋ ಏನು ಬರೆದಿದೆಯೆಂದು ನೋಡುವುದು ಒಂಬತ್ತನೆಯ ತರಗತಿಯ ಮಗುವಿಗೂ ಸಾಧ್ಯವಾದ, ನಿಜವಾದ ಸಂಶೋಧನೆ.

ಊರಹೆಸರುಗಳ ಕಾಗುಣಿತವನ್ನೂ ಟಿಪ್ಪಣಿ ಗಮನಿಸಬೇಕು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಅಧಿಕೃತವಾಗಿ ಹೊಸಪೇಟೆ, ಬಳ್ಳಾರಿ ಎಂದು ಬರೆಯುವ ಹೆಸರುಗಳು ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಹಾಸ್ಪೆಟ್, ಬೆಲ್ಲಾರಿ ಎಂದೇ ಇವೆ. ಪೋರ್ಚುಗೀಸರು ವಿಜಯನಗರವನ್ನು ಬಿಸ್ನಗ ಎನ್ನುತ್ತಾರೆ. ಕಂಪ್ಲಿ ಎಷ್ಟೋ ಕಡೆ ಕಂಪಿಲಿ, ಕಂಪಿಲ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದದ್ದರಿಂದ ಅದಕ್ಕೆ ಹಿಂದಿನ ಹೊಸಪೇಟೆಯ ಜನಗಣತಿ, ಮಳೆ, ಬೆಳೆ ಲೆಕ್ಕವೆಲ್ಲ ಬಳ್ಳಾರಿ ಜಿಲ್ಲೆಯ ಹೆಸರಿನಲ್ಲೇ ಸಿಗುತ್ತದೆ. ಯಾವ ಹೆಸರಿನಲ್ಲಿ ಹುಡುಕಿದಾಗ ಏನು ಸಿಕ್ಕಿತೆಂದು ಬರೆದಿಟ್ಟರೆ ಮುಂದಿನವರಿಗೆ ದಾರಿಯಾಗುತ್ತದೆ.

ಹಂಪಿ: ಒಂದು ಆಕರದೊಳಗೆ ಇನ್ನೊಂದು

ಹಂಪಿಯ ಮೇಲಿನ ಪ್ರಾಜೆಕ್ಟುಗಳಲ್ಲಿ ಹೆಚ್ಚುಕಡಿಮೆ ತಪ್ಪದೆ ಬರುವ ಹೆಸರು ರಾಬರ್ಟ್ ಸೀವೆಲ್. ಮದ್ರಾಸು ಸಿವಿಲ್ ಸರ್ವಿಸಿನ ಈ ಅಧಿಕಾರಿ 1900ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ‘ಎ ಫರ್ಗಾಟನ್ ಎಂಪೈರ್’ ಕನ್ನಡಕ್ಕೂ ಬಂದಿದೆ. ಅದರ ಮೊದಲ ಭಾಗ ಸೀವೆಲ್ ಬರೆದ ಇತಿಹಾಸ. ಉಳಿದ ಭಾಗದಲ್ಲಿ ಇಬ್ಬರು ಪೋರ್ಚುಗೀಸರ ವೃತ್ತಾಂತಗಳ ಇಂಗ್ಲಿಷ್ ಅನುವಾದವಿದೆ: ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ನಗರವನ್ನು ಕಣ್ಣಾರೆ ಕಂಡ ಡೊಮಿಂಗೊ ಪಾಯೆಸ್ ಮತ್ತು 1535ರ ಸುಮಾರಿಗೆ ಬರೆದ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್. ಇವರ ಹಸ್ತಪ್ರತಿ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿತ್ತು. 1897ರಲ್ಲಿ ಡೇವಿಡ್ ಲೋಪೆಸ್ ಲಿಸ್ಬನ್ನಿನಲ್ಲಿ ಅಚ್ಚುಮಾಡಿಸಿದ ಮೇಲೆ ಸೀವೆಲ್‌ಗೆ ದಕ್ಕಿತು. ಒಂದೇ ರಟ್ಟಿನೊಳಗೆ ಮೂರು ಆಕರ, ಮೂರು ಬಗೆಯ ನಂಬಿಕೆ. ಪಾಯೆಸ್ ಮಹಾನವಮಿಯನ್ನು ವರ್ಣಿಸುವಾಗ ಪ್ರತ್ಯಕ್ಷದರ್ಶಿ. ನೂನಿಜ್ ತನಗಿಂತ ಇನ್ನೂರು ವರ್ಷ ಹಿಂದಿನ ಅರಸರ ಕಥೆ ಹೇಳುವಾಗ ಕೇಳಿದ್ದನ್ನು ಬರೆಯುತ್ತಿದ್ದಾನೆ. ಸೀವೆಲ್ ಇಬ್ಬರನ್ನೂ ಬಳಸಿ ತೀರ್ಮಾನಕ್ಕೆ ಬರುವವನು. ‘ಸೀವೆಲ್ ಪುಸ್ತಕದಿಂದ’ ಎಂದಷ್ಟೇ ಬರೆಯುವ ಪಟ್ಟಿ ಈ ಮೂವರನ್ನೂ ಒಂದುಮಾಡಿಬಿಡುತ್ತದೆ.

ಹೊಸಪೇಟೆಯ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ವಿಜಯನಗರ ಕಾಲದ ನೀರಾವರಿಯ ಮೇಲೆ ಪ್ರಾಜೆಕ್ಟು ಮಾಡುವುದಾದರೆ ಅವಳ ಟಿಪ್ಪಣಿ ಹೀಗಿರಬಹುದು: ‘ಪಾಯೆಸ್ ಪೋರ್ಚುಗೀಸ್ ಪ್ರವಾಸಿ. ಕೃಷ್ಣದೇವರಾಯ ಕೆರೆ ಕಟ್ಟಿಸುತ್ತಿದ್ದುದನ್ನು ಇವನು ವರ್ಣಿಸಿದ್ದಾನೆ. ಆ ಕೆರೆ ಹೊಸಪೇಟೆಯಿಂದ ಸಂಡೂರು ಗುಡ್ಡಗಳೊಳಗೆ ಹೋಗುವ ಕಣಿವೆಯ ಬಾಯಲ್ಲಿರುವ ಏರಿಯೇ ಎಂಬುದು ಪಾಯೆಸ್ ಮಾತಲ್ಲ, ಸೀವೆಲ್ ಗುರುತಿಸಿದ್ದು. ಕೆಲಸಗಾರರ ಸಂಖ್ಯೆಯನ್ನು ಪಾಯೆಸ್ ಅಂದಾಜಿನಲ್ಲಿ ಹೇಳಿರುವಂತೆ ಕಾಣುವುದರಿಂದ ಲೆಕ್ಕವಾಗಿ ಬಳಸಿಲ್ಲ. ಏರಿಯನ್ನು ನಾನು ಹೋಗಿ ನೋಡಿದ್ದೇನೆ. ಕಣಿವೆಯ ವರ್ಣನೆ ಹೊಂದುತ್ತದೆ. ಎರಡನೆಯ ಅಧ್ಯಾಯಕ್ಕೆ ಇದು ಮುಖ್ಯ ಆಧಾರ.’ ಯಾರು, ಏನು, ಎಲ್ಲಿ ಎಚ್ಚರ ಬೇಕು, ಏಕೆ ಬೇಕಾಯಿತು ಎಂಬುದೆಲ್ಲ ಇದರಲ್ಲಿ ಬಂತು. ‘ಇದು ವಿಜಯನಗರದ ಬಗ್ಗೆ ತುಂಬ ಉಪಯುಕ್ತ ಪುಸ್ತಕ’ ಎಂಬ ವಾಕ್ಯದಿಂದ ಇಷ್ಟರಲ್ಲಿ ಒಂದೂ ತಿಳಿಯುವುದಿಲ್ಲ.

ಪಾಯೆಸ್‌ಗಿಂತ ಹಿಂದಿನವರ ವಿಷಯದಲ್ಲೂ ಇದೇ ವಿವೇಚನೆ ಬೇಕು. ಇಟಲಿಯ ನಿಕೊಲೊ ಕೊಂಟಿ 1420ರ ಸುಮಾರಿಗೆ ಬಂದವನು. ಅವನ ವೃತ್ತಾಂತವನ್ನು ಕೇಳಿ ಲ್ಯಾಟಿನ್ನಿನಲ್ಲಿ ಬರೆದವನು ಪೊಜ್ಜೊ ಬ್ರಾಚಿಯೊಲಿನಿ. 1443ರಲ್ಲಿ ಬಂದ ಅಬ್ದುರ್ ರಝಾಕ್ ಹಿರಾತಿನ ಷಾ ರುಖ್ ದೊರೆಯ ರಾಯಭಾರಿ. ಪಾರಸಿಯಲ್ಲಿ ತಾನೇ ಬರೆದ. ಇಬ್ಬರದೂ ಪ್ರವಾಸಕಥನವೇ ಆದರೂ ಕಂಡವನಿಗೂ ಬರೆದವನಿಗೂ ನಡುವಿನ ದೂರ ಬೇರೆ.

ಇನ್ನೊಂದು ಪ್ರಶ್ನೆ ದೃಷ್ಟಿಕೋನದ್ದು. ಸೀವೆಲ್ ವಿಜಯನಗರವನ್ನು ಮುಸ್ಲಿಂ ರಾಜ್ಯಗಳಿಗೆ ಎದುರಾಗಿ ನಿಂತ ಹಿಂದೂ ಕೋಟೆಯೆಂಬಂತೆ ಚಿತ್ರಿಸಿದ. 1936ರಲ್ಲಿ ಧಾರವಾಡದಿಂದ ಬಂದ ವಿಜಯನಗರ ಆರುನೂರನೆಯ ವರ್ಷದ ಸ್ಮರಣ ಸಂಪುಟದ ಕಾಲಕ್ಕೆ ಆ ಚಿತ್ರಕ್ಕೆ ಕರ್ನಾಟಕ ಏಕೀಕರಣದ ಹುಮ್ಮಸ್ಸೂ ಕೂಡಿತ್ತು. ಇತಿಹಾಸಕಾರ ಬರ್ಟನ್ ಸ್ಟೈನ್ 1989ರ ಪುಸ್ತಕದಲ್ಲಿ ರಾಜ್ಯದ ಸ್ವರೂಪವನ್ನೇ ಬೇರೆಯಾಗಿ ಕಂಡರು. ಫಿಲಿಪ್ ವ್ಯಾಗನರ್ 1996ರ ಲೇಖನದಲ್ಲಿ ವಿಜಯನಗರದ ಆಸ್ಥಾನದ ಉಡುಪಿನಲ್ಲೂ ಬಿರುದುಗಳಲ್ಲೂ ಸುಲ್ತಾನರ ಲೋಕದೊಂದಿಗಿನ ಕೊಡುಕೊಳೆಯನ್ನು ತೋರಿಸಿದರು. ಪ್ರಕಟಣೆಯ ವರ್ಷ ಬರೆಯುವುದು ಬರಿಯ ನಿಯಮಪಾಲನೆಯಲ್ಲ ಎಂಬುದು ಮಕ್ಕಳಿಗೆ ಇಲ್ಲಿ ಮನದಟ್ಟಾಗುತ್ತದೆ. ಯಾವ ಕಾಲ ಆ ಪ್ರಶ್ನೆಯನ್ನು ಕೇಳಿತೆಂದು ವರ್ಷವೇ ಹೇಳುತ್ತದೆ.

ಚಿತ್ರ, ನಕ್ಷೆಗಳೂ ಆಕರಗಳೇ. ಸರ್ವೇ ಅಧಿಕಾರಿ ಕಾಲಿನ್ ಮೆಕೆಂಜಿಯ ಕಾಲದ ನಕ್ಷೆ, 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣಗಾಗದದ ನೆಗೆಟಿವ್‌ಗಳಲ್ಲಿ ಹಿಡಿದ ಹಂಪಿಯ ಫೋಟೊಗಳು, ಎ.ಎಚ್. ಲಾಂಗ್‌ಹರ್ಸ್ಟ್‌ನ 1917ರ ‘ಹಂಪಿ ರೂಯಿನ್ಸ್’, ಇವುಗಳಲ್ಲಿ ಕಾಣುವ ಗೋಪುರವೋ ಮಂಟಪವೋ ಇವತ್ತು ಹೇಗಿದೆಯೆಂದು ಹೋಲಿಸಿ ಬರೆದ ಟಿಪ್ಪಣಿ ಸ್ವತಂತ್ರ ಕೊಡುಗೆಯಾಗಬಲ್ಲದು.

ಕಂಪ್ಲಿ ಮತ್ತು ಸಂಡೂರು

ಕಂಪ್ಲಿಯ ವಿಷಯ ಚಿಕ್ಕದಾಗಿ ಕಂಡರೂ ಟಿಪ್ಪಣಿಗಾರನಿಗೆ ಸವಾಲಿನದು. ಹನ್ನೊಂದನೆಯ ಶತಮಾನದ ಚೋಳ ಶಾಸನಗಳು ಕಂಪಿಲಿಯ ಚಾಲುಕ್ಯ ಅರಮನೆಯನ್ನು ಹಾಳುಮಾಡಿದ್ದಾಗಿ ಕೊಚ್ಚಿಕೊಳ್ಳುತ್ತವೆ. ಗೆದ್ದವರ ಮಾತು ಅದು. 1327ರಲ್ಲಿ ದಿಲ್ಲಿಯ ಸೈನ್ಯಕ್ಕೆ ಕಂಪಿಲ ರಾಜ್ಯ ಬಿದ್ದ ಕಥೆಗೆ ಆಕರಗಳು ಇನ್ನೂ ವಿಚಿತ್ರವಾಗಿ ಹಂಚಿಹೋಗಿವೆ. ಇಬ್ನ್ ಬತೂತ ಭಾರತಕ್ಕೆ ಬಂದದ್ದು ಘಟನೆ ಮುಗಿದ ಮೇಲೆ. ಆದರೂ ಕಂಪಿಲರಾಯನ ಮಕ್ಕಳಲ್ಲಿ ಕೆಲವರನ್ನು ದಿಲ್ಲಿಯಲ್ಲಿ ಕಂಡಿದ್ದಾಗಿ ಹೇಳುವುದರಿಂದ ಅವನ ಮಾತಿಗೆ ತೂಕವಿದೆ. ಕಂಪಿಲರಾಯನ ಮಗ ಕುಮಾರರಾಮನ ಕಥೆ ಹೇಳುವ ನಂಜುಂಡ ಕವಿಯ ಸಾಂಗತ್ಯ ಸುಮಾರು ಇನ್ನೂರು ವರ್ಷ ಈಚಿನದು. ಅದರ ಜೊತೆಗೆ ಬೇರೆ ಸಾಂಗತ್ಯಗಳು, ಜನಪದ ಹಾಡುಗಳು, ಕುಮಾರರಾಮನನ್ನು ಪೂಜಿಸುವ ಆಚರಣೆಗಳು ಇವೆ. ಎನ್. ವೆಂಕಟರಮಣಯ್ಯನವರ 1929ರ ‘ಕಂಪಿಲಿ ಅಂಡ್ ವಿಜಯನಗರ’ ಇವುಗಳನ್ನು ಕೂಡಿಸಿ ನೋಡಿದ ಆರಂಭದ ಪ್ರಯತ್ನಗಳಲ್ಲಿ ಒಂದು. ಸಾಂಗತ್ಯವನ್ನು ‘ಸುಳ್ಳು’ ಎಂದೋ ಬತೂತನನ್ನು ‘ನಿಜ’ ಎಂದೋ ಬರೆದು ಮುಗಿಸುವುದು ತಪ್ಪು. ಯುದ್ಧದ ದಿನಾಂಕಕ್ಕೆ ಸಾಂಗತ್ಯ ಆಧಾರವಾಗದು. ಎರಡು ಶತಮಾನ ಕಳೆದರೂ ನಾಡು ಆ ಹುಡುಗನನ್ನು ಹೇಗೆ ನೆನೆಯಿತು ಎಂಬ ಪ್ರಶ್ನೆಗೆ ಅದಕ್ಕಿಂತ ದೊಡ್ಡ ಆಧಾರವಿಲ್ಲ. ಆಕರದ ಬೆಲೆ ಪ್ರಶ್ನೆಯನ್ನು ಅವಲಂಬಿಸಿದ್ದು.

ಸಂಡೂರಿನಲ್ಲಿ ಆಕರಗಳು ಬಹುಮಟ್ಟಿಗೆ ಈಚಿನವು, ಮತ್ತು ಅವುಗಳ ಹಿಂದೆ ಹಿತಾಸಕ್ತಿಗಳಿವೆ. ರಾಬರ್ಟ್ ಬ್ರೂಸ್ ಫೂಟ್ 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಬರೆದ ಗ್ರಂಥ ಸಂಡೂರು ಗುಡ್ಡಗಳ ಕಬ್ಬಿಣದ ಅದಿರನ್ನು ವಿಜ್ಞಾನಿಯ ಕಣ್ಣಿನಿಂದ ನೋಡುತ್ತದೆ. ಗಣಿ ಕಂಪನಿಗಳ ವಾರ್ಷಿಕ ವರದಿ ಷೇರುದಾರರಿಗಾಗಿ ಬರೆದದ್ದು. 2011ರ ಜುಲೈ 27ರಂದು ಲೋಕಾಯುಕ್ತರು ಸಲ್ಲಿಸಿದ ವರದಿ ಅಕ್ರಮ ಗಣಿಗಾರಿಕೆಯ ತನಿಖೆ. ಅದಾದ ಎರಡು ದಿನಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದ, ಅಂದರೆ ಹೆಚ್ಚು ಅಕ್ರಮ ಕಂಡುಬಂದ, ಗುತ್ತಿಗೆಗಳನ್ನು ರದ್ದುಮಾಡಿತು. ಈ ಪ್ರತಿಯೊಂದು ಕಾಗದದ ಕೆಳಗೂ ಮಗು ಬರೆಯಬೇಕಾದ ಮೊದಲ ವಾಕ್ಯ, ಇದನ್ನು ಯಾರು ಯಾರಿಗಾಗಿ ಬರೆದರು ಎಂಬುದು. ಗಣಿಯೂರಿನ ಶಾಲೆಯಲ್ಲಿ ಕೂತು ಮನೆಯವರ ದುಡಿಮೆಗೂ ಊರಿನ ಧೂಳಿಗೂ ಒಂದೇ ಕಾರಣವಿರುವುದನ್ನು ಕಾಣುವ ಮಕ್ಕಳಿಗೆ ಎಲ್ಲ ಪಕ್ಷದ ಬರಹಗಳನ್ನೂ ನ್ಯಾಯವಾಗಿ ತೂಗುವ ಈ ಅಭ್ಯಾಸ ಬಹಳ ಬೇಕು.

ನಮೂದು, ಹೆಸರು, ವರ್ಷ

ಎಂಎಲ್‌ಎ, ಎಪಿಎ, ಶಿಕಾಗೊ ಎಂಬ, ಆಕರ ನಮೂದಿಸುವ ಅಮೆರಿಕದ ಪದ್ಧತಿಗಳು ಮನೆತನದ ಹೆಸರನ್ನು ಮೊದಲು ಬರೆಸುತ್ತವೆ. ‘ಸೀವೆಲ್, ರಾಬರ್ಟ್’ ಸರಿಹೋಗುತ್ತದೆ. ಕನ್ನಡದ ಹೆಸರುಗಳಲ್ಲಿ ಮುಂದಿನ ಅಕ್ಷರಗಳು ಸಾಮಾನ್ಯವಾಗಿ ಊರು ಮತ್ತು ತಂದೆಯ ಹೆಸರು. ಕೊನೆಯದು ವ್ಯಕ್ತಿಯದೇ ಹೆಸರು. ಆದ್ದರಿಂದ ‘ಚಿದಾನಂದಮೂರ್ತಿ, ಎಂ.’, ‘ನರಸಿಂಹಾಚಾರ್ಯ, ಆರ್.’ ಎಂದು ವ್ಯಕ್ತಿನಾಮದಿಂದ ಆರಂಭಿಸಿ ಕನ್ನಡ ಅಕಾರಾದಿಯಲ್ಲಿ ಜೋಡಿಸುವುದೇ ನಮ್ಮ ಗ್ರಂಥಾಲಯಗಳ ರೂಢಿ. ಉತ್ತರ ಕರ್ನಾಟಕದ ಅಡ್ಡಹೆಸರುಗಳಿಗೆ ಅಡ್ಡಹೆಸರೇ ಮೊದಲು: ‘ಕಲಬುರ್ಗಿ, ಎಂ.ಎಂ.’ ಯಾವ ಪದ್ಧತಿ ಹಿಡಿದರೂ ಕೊನೆಯವರೆಗೆ ಅದನ್ನೇ ನಡೆಸಬೇಕು.

ಶಾಸನವನ್ನು ನಮೂದಿಸುವಾಗ ಸಂಪುಟ, ಶಾಸನದ ಸಂಖ್ಯೆ, ಶಾಸನ ಇರುವ ಜಾಗ ಮೂರೂ ಬೇಕು. ಶಕವರ್ಷಕ್ಕೆ 78 ಸೇರಿಸಿದರೆ ಸಾಮಾನ್ಯವಾಗಿ ಕ್ರಿಸ್ತಶಕ ಬರುತ್ತದೆ, ಆದರೆ ಯಾವಾಗಲೂ ಅಲ್ಲ. ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯ ರಂಗಮಂಟಪ ಮತ್ತು ಗೋಪುರ ಕಟ್ಟಿಸಿದ್ದನ್ನು ಹೇಳುವ, ಸಂಸ್ಕೃತ ಮತ್ತು ಕನ್ನಡ ಎರಡರಲ್ಲೂ ಇರುವ ಪ್ರಸಿದ್ಧ ಶಾಸನದಲ್ಲಿ ಶಕ 1430 ಎಂದಿದೆ. ಶಾಸನತಜ್ಞ ಹುಲ್ಟ್ಸ್ಷ್ ಅದನ್ನು ‘ಎಪಿಗ್ರಾಫಿಯ ಇಂಡಿಕ’ದ ಮೊದಲ ಸಂಪುಟದಲ್ಲಿ ಪ್ರಕಟಿಸಿದರು. ತಿಥಿ ಮಾಘಮಾಸದ್ದಾಗಿರುವುದರಿಂದಲೂ ಕಳೆದ ವರ್ಷ, ನಡೆಯುವ ವರ್ಷಗಳ ಲೆಕ್ಕದಿಂದಲೂ ಕೆಲವು ಪುಸ್ತಕಗಳು 1509 ಎನ್ನುತ್ತವೆ, ಕೆಲವು 1510. ಎರಡೂ ಕಂಡಿವೆಯೆಂದು ಬರೆದರೆ ಸಾಕು; ಅದರಿಂದ ಅಂಕ ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು.

ಮಾತು ಮತ್ತು ಅಂತರ್ಜಾಲ

ಅಚ್ಚಾಗದ ಆಕರಗಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. 2010ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಸಂಡೂರು ಲಂಬಾಣಿ ಕಸೂತಿಯ ಹೊಲಿಗೆಗಳನ್ನು ಬಲ್ಲ ತಾಂಡಾದ ಹಿರಿಯರು, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಕಾಲುವೆ ನೀರಿನ ಚಿಂತೆಯಲ್ಲಿದ್ದ ರೈತರು, ಅಣೆಕಟ್ಟೆಗಾಗಿ ಊರು ಬಿಟ್ಟ ಮನೆತನಗಳು, ಇವರ ಮಾತು ಬೇರೆಲ್ಲೂ ಸಿಗುವುದಿಲ್ಲ. ಸಂದರ್ಶನದ ನಮೂದಿನಲ್ಲಿ ದಿನಾಂಕ, ಊರು, ಯಾವ ಭಾಷೆಯಲ್ಲಿ ಮಾತಾಡಿದ್ದು ಎಂಬುದಿರಬೇಕು. ಹೆಸರು ಹಾಕಲು ಅವರ ಒಪ್ಪಿಗೆ ಕೇಳಬೇಕು. ಬೇಡವೆಂದರೆ ‘ಸಂಡೂರು ತಾಲ್ಲೂಕಿನ ಹಿರಿಯ ಕಸೂತಿಗಾರ್ತಿ’ ಎಂದರಾಯಿತು.

ಅಂತರ್ಜಾಲದಿಂದ ಅನುಕೂಲ ಬಹಳ. ಸೀವೆಲ್ ಪುಸ್ತಕ ಪ್ರಾಜೆಕ್ಟ್ ಗುಟೆನ್‌ಬರ್ಗಿನಲ್ಲಿ ಉಚಿತವಾಗಿದೆ. ಹಳೆಯ ಗ್ಯಾಸೆಟಿಯರುಗಳು ಇಂಟರ್ನೆಟ್ ಆರ್ಕೈವಿನಲ್ಲಿ ಸಿಗುತ್ತವೆ. ವಿಕಿಪೀಡಿಯ ಮತ್ತು ‘ಕನ್ನಡ ವಿಶ್ವಕೋಶ’ ಓದು ಆರಂಭಿಸುವ ಜಾಗಗಳು; ಅಲ್ಲಿಂದ ಮೂಲಕ್ಕೆ ಹೋಗಬೇಕು. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟುಗಳು ಇಲ್ಲದ ಪುಸ್ತಕಕ್ಕೆ ಇರುವ ಲೇಖಕರ ಹೆಸರು ಜೋಡಿಸಿ ಕೊಡುವುದುಂಟು. ಕೈಯಲ್ಲಿ ಹಿಡಿಯದ, ಪುಟ ತೆರೆದು ನೋಡದ ಯಾವುದೂ ಪಟ್ಟಿಗೆ ಬರಬಾರದೆಂಬ ನಿಯಮವನ್ನು ಶಾಲೆಗಳು ಕಟ್ಟುನಿಟ್ಟಾಗಿ ಪಾಲಿಸಬೇಕು. ಬೆನ್ನುಡಿಯನ್ನು ನಕಲು ಮಾಡಿದ ಟಿಪ್ಪಣಿಯೂ ಓದದ ಪುಸ್ತಕದ ಟಿಪ್ಪಣಿಯೇ.

ಪುಸ್ತಕ ನೋಡಬೇಕಾದವರಿಗೆ 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯದ ಅಕ್ಷರ ಗ್ರಂಥಾಲಯ ಹೊಸಪೇಟೆಗೆ ಹತ್ತಿರದಲ್ಲೇ ಇದೆ. ಅಲ್ಲಿ ಹಸ್ತಪ್ರತಿ ವಿಭಾಗವೂ ಇದೆ. ಕಮಲಾಪುರದಲ್ಲಿ ಪುರಾತತ್ತ್ವ ಸರ್ವೇಕ್ಷಣದ ವಸ್ತುಸಂಗ್ರಹಾಲಯವಿದೆ. ಊರಿನ ಸಾರ್ವಜನಿಕ ಗ್ರಂಥಾಲಯ, ಗ್ರಾಮ ಪಂಚಾಯತಿಯ ಅರಿವು ಕೇಂದ್ರಗಳಲ್ಲಿ ಸ್ಥಳೀಯ ಲೇಖಕರ ಪುಸ್ತಕಗಳೂ ಹಳೆಯ ಸ್ಮರಣ ಸಂಚಿಕೆಗಳೂ ಸಿಗಬಹುದು.

ಅಂಕ ಹಾಕಿದ ಮೇಲೆ ಪ್ರಾಜೆಕ್ಟು ಪುಸ್ತಕಗಳು ರದ್ದಿಗೆ ಹೋಗುತ್ತವೆ. ಮರುವರ್ಷದ ಮಗು ಅದೇ ವಿಷಯವನ್ನು ಮತ್ತೆ ಮೊದಲಿನಿಂದ ಹುಡುಕುತ್ತದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಶಾಲೆಗಳು ಮಕ್ಕಳ ಟಿಪ್ಪಣಿಸಹಿತ ಗ್ರಂಥಸೂಚಿಗಳನ್ನಾದರೂ ಬಿಡಿಸಿ ತೆಗೆದು, ವಿಷಯವಾರು ಫೈಲು ಮಾಡಿ, ಶಾಲಾ ಗ್ರಂಥಾಲಯದ ಕಪಾಟಿನಲ್ಲಿ ಇಡಲಿ. ಶಿಕ್ಷಕರು ಈ ವರ್ಷವೇ ಶುರುಮಾಡಬಹುದು.